ಕಾಡಲ್ಲಿ ಬೆಂದ ಬೇಳೆ ಮನೆಯಲ್ಲಿ ಯಾಕೆ ಬೇಯುತ್ತಿಲ್ಲ?

ಅರಸೀಕೆರೆ ಅಡುಗೆಮನೆ (ಮ್ಯೂನಿಕ್)

ಒಂದು ಬೇಳೆ ಪ್ರಶ್ನೆ ಕೇಳುತ್ತೇನೆ. ನಗಬೇಡಿ, ನಾಲ್ಕು ವರ್ಷದಿಂದ ತಲೆ ತಿನ್ನುತ್ತಿದೆ.

ಮ್ಯೂನಿಕ್‌ಗೆ ಬಂದ ಮೊದಲ ವಾರದಿಂದ ನನ್ನ ತೊಗರಿಬೇಳೆ ಸರಿಯಾಗಿ ಬೆಂದದ್ದೇ ಇಲ್ಲ. ಕಲ್ಲಾಗಿ ಉಳಿಯುತ್ತದೆ ಅಂತಲ್ಲ. ಬಾಯಿಗೆ ಹಾಕಿಕೊಂಡರೆ ಬೆಂದ ಹಾಗೇ ಇರುತ್ತದೆ. ಆದರೆ ಕರಗುವುದಿಲ್ಲ. ಸೌಟಿನ ಬೆನ್ನಿನಿಂದ ಎಷ್ಟು ಮಸೆದರೂ ರವೆ ರವೆ. ಹುಳಿ ಮಾಡಿ ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಬೇಳೆ, ಮೇಲೆ ನೀರು, ನಡುವೆ ನವಿಲುಕೋಸು. (ನವಿಲುಕೋಸಿಗೆ ಮಾತ್ರ ಈ ಊರಲ್ಲಿ ಬರವಿಲ್ಲ. ಕೋಲ್‌ರಾಬಿ ಅಂತಾರೆ. ಎಲೆ ಸಮೇತ ಮಾರುತ್ತಾರೆ, ಜನ ಎಲೆಯನ್ನು ಅಂಗಡಿಯಲ್ಲೇ ಮುರಿದು ಡಬ್ಬಕ್ಕೆ ಹಾಕಿ ಹೋಗುತ್ತಾರೆ. ನಾನು ಆ ಎಲೆ ತಂದು ಪಲ್ಯ ಮಾಡುತ್ತೇನೆ. ಅಂಗಡಿಯಾಕೆ ನಮ್ಮನೆಯಲ್ಲಿ ಮೊಲ ಸಾಕಿದ್ದೇವೆ ಅಂದುಕೊಂಡಿದ್ದಾಳೆ.)

ಏನೇನು ಮಾಡಿ ನೋಡಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕುಕ್ಕರ್ ಊರಿಂದ ತಂದದ್ದೇ, ಗ್ಯಾಸ್ಕೆಟ್ ಹೊಸದು. ನಾಲ್ಕು ಕೂಗು, ಆರು ಕೂಗು, ಒಂದು ದಿನ ಸಿಟ್ಟಿಗೆ ಹನ್ನೊಂದು ಕೂಗು. ಅವತ್ತು ಕೆಳಗಿನ ಮನೆಯ ಅಜ್ಜ ಬಂದು ಎಲ್ಲ ಸರಿಯಿದೆಯಾ ಅಂತ ಬಾಗಿಲು ತಟ್ಟಿದರು. ಅರಿಸಿನ, ಒಂದು ಚಮಚ ಎಣ್ಣೆ, ಎಲ್ಲ ಆಯಿತು. ಹುಣಸೆಹಣ್ಣು, ಟೊಮೇಟೊ ಯಾವತ್ತೂ ಬೇಳೆ ಬೆಂದ ಮೇಲೇ ಹಾಕುವುದು. ಮೂರು ಅಂಗಡಿ ಬದಲಿಸಿದೆ.

ಈಗ ಅಸಲಿ ವಿಷಯ. ಅಕ್ಟೋಬರ್‌ನಲ್ಲಿ ಅತ್ತೆ ಬಂದಿದ್ದರು. ಐದು ದಿನ ಬ್ಲ್ಯಾಕ್ ಫಾರೆಸ್ಟ್ ಕಡೆ ಹೋದೆವು. ಟಿಟಿಸೀ ಕೆರೆಯ ಹತ್ತಿರ ಒಂದು ಬಾಡಿಗೆ ಮನೆ. ಅತ್ತೆ ಹೊರಗಡೆ ಊಟ ಮಾಡುವುದಿಲ್ಲ. ಹಾಗಾಗಿ ನನ್ನ ಸೂಟ್‌ಕೇಸ್‌ನಲ್ಲಿ ಬಟ್ಟೆಗಿಂತ ಡಬ್ಬಗಳೇ ಜಾಸ್ತಿ: ಎರಡು ಕೆಜಿ ಸೋನಾಮಸೂರಿ, ಸಾರಿನ ಪುಡಿ, ಹುಣಸೆಹಣ್ಣು, ಒಗ್ಗರಣೆ ಡಬ್ಬ, ಮನೆಯಲ್ಲಿ ಬೇಯದೇ ಸತಾಯಿಸಿದ ಅದೇ ಬೇಳೆಯ ಅರ್ಧ ಪ್ಯಾಕೆಟ್. ಕುಕ್ಕರ್ ಭಾರ ಅಂತ ಬಿಟ್ಟುಹೋದೆ.

ಫ್ರೈಬುರ್ಗ್‌ನಿಂದ ಬೆಟ್ಟ ಹತ್ತುವ ರೈಲು ಹಿಮೆಲ್‌ರೈಷ್ ಅನ್ನುವ ಸ್ಟೇಷನ್‌ನಲ್ಲಿ ನಿಲ್ಲುತ್ತದೆ. ಸ್ವರ್ಗಲೋಕ ಅಂತ ಅರ್ಥ. ಅದು ದಾಟಿದ ಕೂಡಲೇ ಶುರುವಾಗುವುದು ಹೊಲೆನ್‌ಟಾಲ್, ನರಕದ ಕಣಿವೆ. ಎರಡೂ ಕಡೆ ಬಂಡೆ, ಒಂದು ಬಂಡೆಯ ನೆತ್ತಿಯಲ್ಲಿ ಜಿಂಕೆಯ ಪ್ರತಿಮೆ. ಹೆಸರಿನ ಅರ್ಥ ಹೇಳಿದ್ದಕ್ಕೆ ಅತ್ತೆ, "ಧರ್ಮರಾಯನಿಗೇ ನರಕ ನೋಡೋದು ತಪ್ಪಲಿಲ್ಲ, ನಮ್ಮದೇನು" ಅಂದು ಚಕ್ಕುಲಿ ಡಬ್ಬ ತೆಗೆದರು.

ಮರುದಿನ ಬೆಳಿಗ್ಗೆ ಬೇಳೆ ನೆನೆಹಾಕಿ ಕೆರೆ ಸುತ್ತಲು ಹೋದೆವು. ಸಂಜೆ ಬಂದು ಆ ಮನೆಯ ತೆಳು ಪಾತ್ರೆಯಲ್ಲಿ, ಸರಿಯಾಗಿ ಕೂರದ ಮುಚ್ಚಳ ಮುಚ್ಚಿ ಬೇಯಿಸಿದೆ. ನಲವತ್ತು ನಿಮಿಷ ಆಗಿರಬಹುದು. ಸೌಟು ಹಾಕಿದ್ದೇ ತಡ, ಬೆಣ್ಣೆ! ನಾಲ್ಕು ವರ್ಷದ ಮೇಲೆ ನನ್ನ ಹುಳಿ ಅನ್ನದ ಮೇಲೆ ಹೋಗಿ ನಿಂತಿತು. ಅತ್ತೆ ಎರಡನೇ ಸಲ ಬಡಿಸಿಕೊಂಡು, "ಮನೇಲೂ ಹೀಗೇ ಮಾಡಬಾರದಾ?" ಅಂದರು. ಏನು ಹೇಳಲಿ ಹೇಳಿ.

ನಮ್ಮೆಜಮಾನ್ರು ಎತ್ತರದ ಲೆಕ್ಕ ತೆಗೆದರು. ಟಿಟಿಸೀ ಸುಮಾರು 850 ಮೀಟರ್ ಎತ್ತರ, ಮ್ಯೂನಿಕ್ 520. ಎತ್ತರ ಹೆಚ್ಚಾದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಅಂದರೆ ಅಲ್ಲಿ ಬೇಯುವುದು ತಡವಾಗಬೇಕಿತ್ತು. ಕುಕ್ಕರ್ ಬೇರೆ ಇಲ್ಲ. ಲೆಕ್ಕ ತಲೆಕೆಳಗು. ವಾಪಸ್ ಬಂದು ಅದೇ ಪ್ಯಾಕೆಟ್‌ನಲ್ಲಿ ಉಳಿದಿದ್ದನ್ನು ಕುಕ್ಕರ್‌ಗೆ ಹಾಕಿದೆ. ಮತ್ತೆ ರವೆ.

ಯುಗಾದಿಗೆ ಮೂರು ವಾರ ಇದೆ. ಹೋದ ವರ್ಷ ಹೂರಣ ಎಷ್ಟು ರುಬ್ಬಿದರೂ ನುಣ್ಣಗಾಗದೆ ಲಟ್ಟಿಸುವಾಗ ಒಬ್ಬಟ್ಟೆಲ್ಲ ಹರಿದವು. ಈ ಸಲವೂ ಹಾಗಾದರೆ ಪಾಯಸಕ್ಕೆ ಶರಣು. ಯಾರಿಗಾದರೂ ಗೊತ್ತಾ, ಏನಿದು?

ಮಾಗಡಿ ರೋಡ್

ಹಳೇ ಬೇಳೆ ಮೇಡಂ, ಇನ್ನೇನಲ್ಲ. ಹಡಗಿನಲ್ಲಿ ಬಂದು ಗೋಡೌನಿನಲ್ಲಿ ಕೂತು ನಿಮ್ಮ ಕೈಗೆ ಬರುವಷ್ಟರಲ್ಲಿ ಅದಕ್ಕೆ ವಯಸ್ಸಾಗಿರುತ್ತದೆ. ಸೆಕೆಯಲ್ಲಿ ಬಹಳ ದಿನ ಇಟ್ಟ ಬೇಳೆ ಬೇಯುವುದಿಲ್ಲ. ಮಸೂರ ಬೇಳೆ ಅಲ್ಲಿನ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದಲ್ವಾ, ಅದನ್ನು ಹಾಕಿ. ಇಪ್ಪತ್ತು ನಿಮಿಷದಲ್ಲಿ ಕರಗುತ್ತದೆ.

ಅರಸೀಕೆರೆ ಅಡುಗೆಮನೆ

ಮಸೂರ ಬೇಳೆ ಸಾರು ವಾರಕ್ಕೊಮ್ಮೆ ಮಾಡುತ್ತೇನೆ, ಅದರ ಮೇಲೆ ಸಿಟ್ಟಿಲ್ಲ. ಆದರೆ ಮಸೂರದ ಒಬ್ಬಟ್ಟು ಅಂತ ಅಮ್ಮನಿಗೆ ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಹಳೇ ಬೇಳೆ ಅನ್ನುವುದಾದರೆ ಟಿಟಿಸೀಯಲ್ಲಿ ಹೇಗೆ ಬೆಂದಿತು? ಒಂದೇ ಪ್ಯಾಕೆಟ್ ಸರ್.

ಕರಿಮಣ್ಣು (ಕಲಬುರಗಿ)

ಅಕ್ಕಾರ, ಪ್ಯಾಕೆಟ್ ತಿರುಗಿಸಿ ನೋಡಿ, ತೊಗರಿ ಎಲ್ಲಿಂದ ಬಂದದ ಅಂತ. ಹೊರದೇಶದಾಗ ಮಾರೋದು ಎಷ್ಟೋ ಸಲ ಮಲಾವಿ, ಮೊಜಾಂಬಿಕ್, ಬರ್ಮಾ ಕಡೆಯ ತೊಗರಿ. ಅದು ಕೆಟ್ಟದ್ದು ಅಂತಲ್ಲ. ಆದರೆ ನಮ್ಮ ಕಲಬುರಗಿ ಬೇಳೆಯ ರುಚಿಯೇ ಬೇರೆ. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕದ, ಸುಮ್ನೆ ಕೊಟ್ಟಿಲ್ಲ. ಎರಡು ಸೀಟಿ ಹೊಡೆದರೆ ಮುಗೀತು.

ಇನ್ನೊಂದು ಮಾತು. ಹೋಳಿಗೆಗೆ ತೊಗರಿಬ್ಯಾಳಿ ಯಾಕೆ? ಕಡ್ಲಿಬ್ಯಾಳಿ ಹಾಕಿ. ತೊಗರಿ ಬೆಳೆಯುವ ನಾಡಿನವನೇ ಹೇಳ್ತಿದ್ದೇನಿ.

ಅರಸೀಕೆರೆ ಅಡುಗೆಮನೆ

ನೋಡಿದೆ ಅಣ್ಣ, ಮಲಾವಿ ಅಂತಲೇ ಇದೆ! ಆದರೆ ಮಲಾವಿ ಬೇಳೆಯೇ ಕಾಡಲ್ಲಿ ಬೆಂದದ್ದು. ಹಾಗಾಗಿ ಪಾಪ, ಅದರ ತಪ್ಪಿಲ್ಲ ಅನಿಸುತ್ತದೆ.

ಕಡಲೆಬೇಳೆ ಹೋಳಿಗೆ ಬಗ್ಗೆ ಇಲ್ಲಿ ಜಗಳ ಬೇಡ. ಹಾಸನದ ಕಡೆಯವರು ತೊಗರಿಯಲ್ಲೇ ಮಾಡುವುದು, ತೊಗರಿಯಲ್ಲೇ ಹೋಗುವುದು.

ಸಿಹಿಖಾರ

ವಿಷಯಕ್ಕೆ ಸಂಬಂಧವಿಲ್ಲ, ಆದರೂ ಕೇಳುತ್ತೇನೆ. ಬ್ಲ್ಯಾಕ್ ಫಾರೆಸ್ಟ್‌ಗೆ ಹೋಗಿ ಬ್ಲ್ಯಾಕ್ ಫಾರೆಸ್ಟ್ ಕೇಕ್ ತಿನ್ನಲಿಲ್ವಾ?

ಅರಸೀಕೆರೆ ಅಡುಗೆಮನೆ

ತಿಂದೆವು, ಅದೊಂದು ಕಥೆ. ಕೇಕ್ ಆದರೆ ಪರವಾಗಿಲ್ಲ, ಬೇಕರಿ ತಿಂಡಿ ಅಂತ ಅತ್ತೆ ಒಪ್ಪಿದರು. ಎರಡನೇ ಚಮಚಕ್ಕೆ ಮುಖ ಕಿವುಚಿದರು. ಇಲ್ಲಿ ಅದಕ್ಕೆ ಕಿರ್ಷ್ ಅನ್ನುವ ಚೆರಿ ಸಾರಾಯಿ ಹಾಕದೆ ಮಾಡುವುದೇ ಇಲ್ಲ. ಅರಸೀಕೆರೆಯ ಅಯ್ಯಂಗಾರ್ ಬೇಕರಿಯಲ್ಲಿ ಕೆಂಪು ಚೆರಿ ಇಟ್ಟು ಕೊಡುತ್ತಾರಲ್ಲ, ಅದಕ್ಕೂ ಇದಕ್ಕೂ ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ. ಸಂಜೆ ಅತ್ತೆ ತಲೆ ಮೇಲೆ ಸ್ನಾನ ಮಾಡಿ ದೇವರಿಗೆ ಕೈಮುಗಿದರು. ಆಮೇಲೆ ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿ ಹೇಳಿ ನಕ್ಕರು.

ಗ್ಲಾಸ್ಗೋ ಗೌಡ

ಅಕ್ಕಾ, ನಿಮ್ಮ ನೀರು ಕಾಯಿಸುವ ಕೆಟಲ್ ಒಳಗೆ ಇಣುಕಿ ನೋಡಿ. ತಳದಲ್ಲಿ ಬೆಳ್ಳಗೆ ಸುಣ್ಣದ ಹಾಗೆ ಕಟ್ಟಿಕೊಂಡಿದೆಯಾ? ಕಟ್ಟಿದ್ದರೆ ನಿಮ್ಮ ಕಳ್ಳ ಸಿಕ್ಕ.

ನಾನು ಗ್ಲಾಸ್ಗೋದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿನ ನೀರು ಲಾಕ್ ಕ್ಯಾಟ್ರಿನ್ ಅನ್ನುವ ಬೆಟ್ಟದ ಸರೋವರದಿಂದ ಬರುತ್ತದೆ, 1859ರಿಂದಲೂ. ಮಳೆನೀರಿನಷ್ಟು ಮೆತ್ತಗಿನ ನೀರು. ಬೇಳೆ ಅಂದರೆ ತೊಂದರೆ ಇರಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಹೋದ ವರ್ಷ ಲಂಡನ್‌ನಲ್ಲಿ ಭಾವನ ಮನೆಗೆ ಹೋಗಿದ್ದೆ. ನಾನೇ ಸಾರು ಮಾಡ್ತೀನಿ ಅಂತ ಜಂಬ ಕೊಚ್ಚಿಕೊಂಡು ಅಡುಗೆಮನೆಗೆ ನುಗ್ಗಿದೆ. ಮಾನ ಹೋಯಿತು. ಗ್ಲಾಸ್ಗೋದಿಂದ ನಾನೇ ತೆಗೆದುಕೊಂಡು ಹೋದ ಬೇಳೆ, ನನ್ನದೇ ಕೈ, ಆದರೂ ಬೇಳೆ ಬೇರೆ, ನೀರು ಬೇರೆ. ಅಲ್ಲಿ ಸ್ನಾನಕ್ಕೆ ಸೋಪು ಹಚ್ಚಿದರೆ ನೊರೆಯೂ ಬರಲಿಲ್ಲ. ಆಗ ಹೊಳೆಯಿತು.

ಮಾಗಡಿ ರೋಡ್

ಅರೆ, ಗೌಡರು ಹೇಳಿದ್ದು ಸರಿ. ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕಾವೇರಿ ನೀರು ಬಂದ ದಿನ ಸಾರು ಒಂಥರಾ, ಬೋರ್ ನೀರು ಬಿಟ್ಟ ದಿನ ಇನ್ನೊಂಥರಾ. ನಮ್ಮ ಮನೆಯವಳು ಬೇಳೆಗೆ ಆರ್‌ಓ ನೀರು, ಪಾತ್ರೆ ತೊಳೆಯಲು ಬೋರ್ ನೀರು ಅಂತ ಬೇರೆ ಬೇರೆ ಮಾಡಿಬಿಟ್ಟಿದ್ದಾಳೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಾದರೆ ಬೇಳೆ ಸಾರೇ ರದ್ದು, ಬರೀ ತಂಬುಳಿ.

ಅರಸೀಕೆರೆ ಅಡುಗೆಮನೆ

ಕೆಟಲ್ ನೋಡಿದೆ. ಬೆಳ್ಳಗೆ ಗಾರೆ ಬಳಿದ ಹಾಗಿದೆ. ತಿಂಗಳಿಗೊಮ್ಮೆ ವಿನೆಗರ್ ಹಾಕಿ ಕುದಿಸಿ ಉಜ್ಜುವವಳೂ ನಾನೇ!

ಇದನ್ನು ಓದಿದ ಮೇಲೆ ಕೈ ನಡುಗಿತು ಅಂದರೆ ನಂಬಿ. ನನ್ನ ಅಜ್ಜಿಯ ಊರಲ್ಲಿ ಎರಡು ಬಾವಿ ಇದ್ದವು. ಮನೆ ಹಿಂದೆಯೇ ಒಂದು. ಅದರ ನೀರು ದನಕ್ಕೆ, ಬಟ್ಟೆಗೆ, ಪಾತ್ರೆಗೆ. ಇನ್ನೊಂದು ಊರ ಹೊರಗೆ, ಹೊಂಗೆ ಮರದ ಕೆಳಗೆ. ಅದಕ್ಕೆ ಸಿಹಿನೀರು ಬಾವಿ ಅಂತಲೇ ಹೆಸರು. ದಿನಾ ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಒಂದೊಂದು ಕೊಡ ಹೊತ್ತು ತರುತ್ತಿದ್ದೆವು. ಹಿತ್ತಲಲ್ಲೇ ಬಾವಿ ಇಟ್ಟುಕೊಂಡು ಅಷ್ಟು ದೂರ ಯಾಕೆ ಹೋಗಬೇಕು ಅಂತ ನಾನು ಹಟ ಹಿಡಿದರೆ ಅಜ್ಜಿ, "ಆ ನೀರಲ್ಲಿ ಬೇಳೆ ಬೇಯಲ್ಲ ಕಣೇ" ಅನ್ನೋರು. ಅದು ಮಡಿಯ ವಿಷಯ ಇರಬೇಕು ಅಂದುಕೊಂಡಿದ್ದೆ. ಎಂಟು ವರ್ಷ ಕೊಡ ಹೊತ್ತ ಸೊಂಟ ನಂದು. ಆದರೂ ನಾಲ್ಕು ವರ್ಷ ಗ್ಯಾಸ್ಕೆಟ್ ಬದಲಿಸುತ್ತಾ ಕೂತೆ.

ಮ್ಯೂನಿಕ್ ನೀರಿನ ಲೆಕ್ಕ ತೆಗೆದು ನೋಡಿದೆ. ಈ ಊರಿಗೆ 1883ರಿಂದ ಮಾಂಗ್‌ಫಾಲ್ ಕಣಿವೆಯ ನೀರು ಬರುತ್ತಿದೆ. ಆಲ್ಪ್ಸ್ ತಪ್ಪಲಿನ ಸುಣ್ಣಕಲ್ಲು ಸೀಮೆ. ಇಲ್ಲಿಯವರಿಗೆ ಈ ನೀರಿನ ಬಗ್ಗೆ ಬಹಳ ಹೆಮ್ಮೆ, ನಲ್ಲಿಯಿಂದಲೇ ಕುಡಿಯುತ್ತಾರೆ, ರುಚಿಯೂ ಚೆನ್ನಾಗಿದೆ. ಆದರೆ ಜರ್ಮನ್ ಅಳತೆಯಲ್ಲಿ 14 ಡಿಗ್ರಿ ದಾಟಿದರೆ ಗಡಸು ನೀರು, ನಮ್ಮದು ಆ ಗುಂಪಿನದ್ದು. ಬ್ಲ್ಯಾಕ್ ಫಾರೆಸ್ಟ್ ಅಡಿಯಲ್ಲಿ ಇರುವುದು ಗ್ರಾನೈಟ್, ಅಲ್ಲಿ ನೀರಿಗೆ ಸುಣ್ಣ ಸೇರುವುದಿಲ್ಲ.

ಈಗ ಪರಿಹಾರ ಹೇಳಿ. ಸೋಡಾ ಹಾಕಲಾ?

ನಿವೃತ್ತ ಮೇಷ್ಟ್ರು (ಮೈಸೂರು)

ನೋಡಮ್ಮ, ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿದ್ದೇನೆ. ಈ ಪ್ರಶ್ನೆಗೆ ಸುಮ್ಮನೆ ಇರಲು ಆಗಲಿಲ್ಲ.

ಬೇಳೆಯ ಒಳಗೆ ಕಣಕಣವನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಜಾಮ್ ಗಟ್ಟಿಯಾಗುವುದೂ ಇದರಿಂದಲೇ. ಬೇಯಿಸಿದಾಗ ಈ ಅಂಟು ಕರಗಬೇಕು, ಆಗ ಕಣ ಬಿಡಿಸಿಕೊಂಡು ಬೇಳೆ ಹಿಟ್ಟಾಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೋಗಿ ಈ ಪೆಕ್ಟಿನ್‌ಗೆ ಗಂಟು ಹಾಕುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಗಂಟು ಬಿಚ್ಚುವುದು ಕಷ್ಟ. ಒಳಗಿನ ಹಿಟ್ಟು ಬೆಂದಿರುತ್ತದೆ, ಅದಕ್ಕೇ ನಿನಗೆ ಬಾಯಿಗೆ ಬೆಂದ ಹಾಗೆ ಅನಿಸುವುದು. ಹುಣಸೆಹಣ್ಣು ಮೊದಲೇ ಹಾಕಬಾರದು ಅನ್ನುವುದೂ ಇದೇ ಜಾತಿಯ ಮಾತು, ಹುಳಿಯೂ ಆ ಅಂಟನ್ನು ಕರಗಲು ಬಿಡುವುದಿಲ್ಲ.

ಸೋಡಾ ಹಾಕಿದರೆ ಬೇಯುತ್ತದೆ, ಸಂದೇಹವಿಲ್ಲ. ಸಾರಿಗಾದರೆ ಚಿಟಿಕೆ ಹಾಕು. ಒಬ್ಬಟ್ಟಿಗೆ ಮಾತ್ರ ಬೇಡ. ಒಬ್ಬಟ್ಟಿನ ಬೇಳೆ ಹಿಸುಕಿದರೆ ಹಿಟ್ಟಾಗಬೇಕು, ನೋಡಿದರೆ ಬೇಳೆಯಾಗಿರಬೇಕು. ಸೋಡಾಕ್ಕೆ ಆ ಹದ ಗೊತ್ತಿಲ್ಲ, ಎಲ್ಲವನ್ನೂ ಗಂಜಿ ಮಾಡುತ್ತದೆ. ಆಮೇಲೆ ಕಟ್ಟು ಬಸಿಯುವುದು ಹೇಗೆ? ಜಾಸ್ತಿಯಾದರೆ ಸೋಪಿನ ವಾಸನೆ ಬೇರೆ, ಬಿ1 ಜೀವಸತ್ವವೂ ಹಾಳು.

ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಂಡರೆ ಒಂದಷ್ಟು ಗಡಸುತನ ಹೋಗುತ್ತದೆ, ಪೂರ್ತಿ ಅಲ್ಲ. ಇನ್ನೊಂದು ಉಪಾಯ, ರಾತ್ರಿ ಉಪ್ಪುನೀರಿನಲ್ಲಿ ನೆನೆಸು, ಲೀಟರಿಗೆ ಎರಡು ಚಮಚ. ಬೆಳಿಗ್ಗೆ ಆ ನೀರು ಚೆಲ್ಲಿ ತೊಳೆ. ಉಪ್ಪಿನ ಸೋಡಿಯಂ ಒಳಗೆ ಹೋಗಿ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ. ಉಪ್ಪು ಹಾಕಿದರೆ ಬೇಳೆ ಬೇಯಲ್ಲ ಅನ್ನುವ ಮಾತನ್ನು ನಮ್ಮ ಮನೆಯಲ್ಲೂ ಹೇಳುತ್ತಾರೆ, ನಾನು ಒಳಗೆ ಹೋಗಿ ವಾದ ಮಾಡುವುದಿಲ್ಲ.

ಒಂದು ಆಕ್ಷೇಪಣೆ ಇದೆ. ಟಿಟಿಸೀಯಲ್ಲಿ ನೀನು ಬೆಳಗಿನಿಂದ ಸಂಜೆಯವರೆಗೆ ನೆನೆಸಿದ್ದೆ. ಮನೆಯಲ್ಲಿ ನೆನೆಸುತ್ತೀಯಾ? ಇಲ್ಲದಿದ್ದರೆ ಯಶಸ್ಸು ನೀರಿನದೋ ನೆನೆಸಿದ್ದರದೋ ಹೇಳುವ ಹಾಗಿಲ್ಲ. ಪರೀಕ್ಷೆ ಮಾಡು.

ಅರಸೀಕೆರೆ ಅಡುಗೆಮನೆ

ಸಿಕ್ಕಿಬಿದ್ದೆ ಮೇಷ್ಟ್ರೇ. ಮನೆಯಲ್ಲಿ ತೊಳೆದು ನೇರ ಕುಕ್ಕರ್‌ಗೆ ಹಾಕುವುದು. ಶನಿವಾರ ಪರೀಕ್ಷೆ ಮಾಡಿ ಬರುತ್ತೇನೆ.

ಗ್ಲಾಸ್ಗೋ ಗೌಡ

ಬಾಟಲಿ ನೀರು ತರುವುದಾದರೆ ಹುಷಾರು ಅಕ್ಕ. ಜರ್ಮನಿಯ ಮಿನರಲ್ ವಾಟರ್ ಕೆಲವದರಲ್ಲಿ ಲೀಟರಿಗೆ 500 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಬೇಯಿಸಿದರೆ ಬೇಳೆಯಲ್ಲ, ಜಲ್ಲಿಕಲ್ಲು.

ಅರಸೀಕೆರೆ ಅಡುಗೆಮನೆ

ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಬಾಟಲಿ. ಮಗುವಿನ ಆಹಾರಕ್ಕೆ ಆಗುತ್ತದೆ ಅಂತ ಬರೆದಿದ್ದ ಒಂದನ್ನು ಎತ್ತಿಕೊಂಡಿದ್ದೆ. ಮಗುವಿಗೆ ಆಗುವುದು ಬೇಳೆಗೂ ಆಗಬೇಕಲ್ವಾ? ಗೌಡರ ಮಾತು ನೆನಪಾಗಿ ಹಿಂದಿನ ಸಣ್ಣ ಅಕ್ಷರ ಓದಿದೆ. ಕ್ಯಾಲ್ಸಿಯಂ ಧಾರಾಳವಾಗಿತ್ತು. ಆ ಬರಹಕ್ಕೆ ಸೋಡಿಯಂ, ನೈಟ್ರೇಟ್ ಇಂಥವು ಕಡಿಮೆ ಇದ್ದರೆ ಸಾಕಂತೆ. ವಾಪಸ್ ಇಟ್ಟು, ಸೂಪರ್‌ಮಾರ್ಕೆಟ್‌ನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬಾಟಲಿ ತಿರುಗಿಸಿದೆ. ಕೊನೆಗೆ ಒಂದರಲ್ಲಿ ಇಪ್ಪತ್ತರ ಒಳಗೆ ಇತ್ತು. ಗ್ಯಾಸ್ ಇಲ್ಲದ್ದು. ಎಲ್ಲಿಯ ನೀರು ಅಂತ ನೋಡಿದರೆ ಬ್ಲ್ಯಾಕ್ ಫಾರೆಸ್ಟ್‌ನದೇ!

ನೂರು ನೂರು ಗ್ರಾಂ ಬೇಳೆ, ನಾಲ್ಕು ಬಟ್ಟಲು. ನಲ್ಲಿ ನೀರು, ಕುದಿಸಿ ಬಗ್ಗಿಸಿದ ನೀರು, ಬಾಟಲಿ ನೀರು, ಈ ಮೂರರಲ್ಲೂ ಒಂದೊಂದು ಗಂಟೆ ನೆನೆಸಿ ಅದದೇ ನೀರಲ್ಲಿ ಬೇಯಿಸಿದೆ. ನಾಲ್ಕನೆಯದು ಮೇಷ್ಟ್ರ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆದದ್ದು, ಬೇಯಿಸಿದ್ದು ನಲ್ಲಿ ನೀರಲ್ಲಿ. ಕುಕ್ಕರ್ ಇಲ್ಲದೆ ಒಂದೇ ಪಾತ್ರೆಯಲ್ಲಿ ಸರದಿಯ ಮೇಲೆ, ಪ್ರತಿಯೊಂದಕ್ಕೂ ನಲವತ್ತು ನಿಮಿಷ. ಇಡೀ ಶನಿವಾರ ಹೋಯಿತು. ಮಗಳು ಬಟ್ಟಲಿಗೆ ಚೀಟಿ ಅಂಟಿಸಿ ಅಡಗಿಸಿಟ್ಟಳು. ನಮ್ಮೆಜಮಾನ್ರು ಯಾವುದು ಯಾವ ನೀರು ಅಂತ ಗೊತ್ತಿಲ್ಲದೆ ಸೌಟಿನಿಂದ ಮಸೆದು ಅಂಕ ಕೊಟ್ಟರು.

ನಲ್ಲಿ ನೀರಿನದು, ನೆನೆಸಿದರೂ, ಹಳೇ ಕಥೆ. ಕುದಿಸಿದ ನೀರಿನದು ಮಸೆದರೆ ಮಣಿಯಿತು, ಆದರೆ ಅಲ್ಲಲ್ಲಿ ನುಚ್ಚು. ಬಾಟಲಿ ನೀರಿನದು ಟಿಟಿಸೀ ಬೇಳೆ, ಕಣ್ಣಲ್ಲಿ ನೀರು ಬಂತು. ಉಪ್ಪುನೀರಿನ ಬೇಳೆಗೂ ಬಾಟಲಿ ಬೇಳೆಗೂ ನಮ್ಮೆಜಮಾನ್ರು ಒಂದೇ ಅಂಕ ಕೊಟ್ಟರು. ನಾನು ಕೊಡುವುದಿಲ್ಲ, ನನಗೆ ಬಾಟಲಿಯದು ಒಂದು ಕೂದಲೆಳೆ ಮೇಲೆ. ಮೇಷ್ಟ್ರೇ, ನಾಲ್ಕೂ ಬಟ್ಟಲು ಸೇರಿಸಿ ಭಾನುವಾರ ಬಿಸಿಬೇಳೆಬಾತ್ ಮಾಡಿದೆ. ಪ್ರಯೋಗಶಾಲೆಯಲ್ಲಿ ಏನೂ ಚೆಲ್ಲಲಿಲ್ಲ.

ನಿವೃತ್ತ ಮೇಷ್ಟ್ರು (ಮೈಸೂರು)

ನೂರಕ್ಕೆ ತೊಂಬತ್ತೆರಡು. ಉಪ್ಪುನೀರಿನದನ್ನು ಮಾತ್ರ ರಾತ್ರಿಯಿಡೀ ನೆನೆಸಿ ಉಳಿದವನ್ನು ಒಂದು ಗಂಟೆ ನೆನೆಸಿದ್ದಕ್ಕೆ ಎಂಟು ಅಂಕ ಕಳೆದಿದ್ದೇನೆ.

ಕರಿಮಣ್ಣು (ಕಲಬುರಗಿ)

ಅಕ್ಕಾರ, ಇಷ್ಟೆಲ್ಲಾ ಮಾಡಿ ಕಡೀಗೆ ಹೋಳಿಗಿ ಏನಾತು?

ಅರಸೀಕೆರೆ ಅಡುಗೆಮನೆ

ನಿನ್ನೆ ಯುಗಾದಿ ಆಯಿತು. ಬಾಟಲಿ ನೀರಲ್ಲಿ ಅರ್ಧ ಕೆಜಿ ಬೇಳೆ. ಪಾತ್ರೆಯ ಹತ್ತಿರದಿಂದ ಅಲ್ಲಾಡಲಿಲ್ಲ. ಮೂವತ್ತೆರಡು ನಿಮಿಷಕ್ಕೆ ಒಂದು ಕಾಳು ತೆಗೆದು ಹಿಸುಕಿದೆ, ಹದ ಬಂದಿತ್ತು. ಕಟ್ಟು ಬಸಿದು, ಬೆಲ್ಲ ಹಾಕಿ, ಏಲಕ್ಕಿ ಹಾಕಿ ರುಬ್ಬಿದರೆ ಹೂರಣ ಬೆರಳಿಗೆ ಅಂಟದ ಹಾಗೆ ಬಂತು. ಕಣಕಕ್ಕೆ ಇಲ್ಲಿನ ಟೈಪ್ 405 ಹಿಟ್ಟು, ಅದು ನಮ್ಮ ಮೈದಾದ ಹಾಗೇ. ಎಣ್ಣೆಯಲ್ಲಿ ಮೂರು ಗಂಟೆ ಮುಳುಗಿಸಿಟ್ಟಿದ್ದೆ. ಹದಿನೆಂಟು ಒಬ್ಬಟ್ಟು, ಹರಿದದ್ದು ಒಂದೇ ಒಂದು, ಅದೂ ಮಗಳು ಲಟ್ಟಿಸಿದ್ದು. ಕಟ್ಟಿನ ಸಾರು ಇವತ್ತಿಗೆ ಇನ್ನೂ ರುಚಿ.

ಕೆಳಗಿನ ಅಜ್ಜನಿಗೆ ಎರಡು ಒಬ್ಬಟ್ಟು ಕೊಟ್ಟೆ. ಸಿಹಿ ಪ್ಯಾನ್‌ಕೇಕಿಗೆ ಬೇಳೆ ಹಾಕುತ್ತೀರಾ ಅಂತ ಎರಡೆರಡು ಸಲ ಕೇಳಿ, ನಿಂತಲ್ಲೇ ತಿಂದರು. ಕುಕ್ಕರ್ ಯಾಕೆ ಈಗ ಕೂಗುತ್ತಿಲ್ಲ ಅಂತಲೂ ಕೇಳಿದರು.

ಅತ್ತೆಗೆ ಫೋಟೋ ಕಳಿಸಿದ್ದೆ. "ಈಗ ಕಲಿತೆ ನೋಡು" ಅಂತ ಉತ್ತರ ಬಂದಿದೆ. ಬಾಟಲಿಯ ವಿಷಯ ನಾನು ಹೇಳಿಲ್ಲ, ನೀವೂ ಹೇಳಬೇಡಿ.

ದಿನದ ಸಾರಿಗೆ ಇನ್ನು ಮೇಲೆ ಉಪ್ಪುನೀರಿನ ಉಪಾಯವೇ, ದಿನಾ ಬಾಟಲಿ ಹೊತ್ತು ನಾಲ್ಕನೇ ಮಹಡಿ ಹತ್ತಲು ಆಗುವುದಿಲ್ಲ. ಈಗ ಖಾಲಿ ಬಾಟಲಿ ಆರು ಕೂತಿವೆ. ಒಂದಕ್ಕೆ 25 ಸೆಂಟ್ ಠೇವಣಿ. ಇವತ್ತು ಭಾನುವಾರ, ಅಂಗಡಿ ಮುಚ್ಚಿದೆ. ನಾಳೆ ವಾಪಸ್ ಕೊಟ್ಟು ಒಂದೂವರೆ ಯೂರೋಗೆ ನವಿಲುಕೋಸು ತರಬೇಕು.